ಕರಾವಳಿ ಮನೆಗೆ ಕೆಮ್ಮಣ್ಣಿನ ಬಣ್ಣ: ಗೋಡೆಯ ತೇವ ನೋಡುವುದರಿಂದ ಕೊನೆಯ ಕೋಟ್‌ವರೆಗೆ

ಕಾರವಾರ, ಅಂಕೋಲಾ, ಕುಮಟಾ ಕಡೆಯಿಂದಲೂ, ಘಟ್ಟದ ಮೇಲಿನ ಶಿರಸಿ, ಸಿದ್ದಾಪುರದಿಂದಲೂ ಒಂದೇ ದೂರು ಮತ್ತೆ ಮತ್ತೆ ಬರುತ್ತಿದೆ. ಮನೆಗೆ ಹಂಚಿನ ಬಣ್ಣ ಹೊಡೆಸಿದೆವು, ಒಂದು ಮಳೆಗಾಲ ಮುಗಿಯುವಷ್ಟರಲ್ಲಿ ಗೋಡೆ ತುಂಬ ಬಿಳಿ ಮಚ್ಚೆ. ಬುಡದಲ್ಲಿ ಗುಳ್ಳೆ. ಇನ್ನು ಕೆಲವರದ್ದು ಬೇರೆ ಸಂಕಟ: ಕಾರ್ಡಿನಲ್ಲಿ ನೋಡಿದ ಬೆಚ್ಚಗಿನ ಕೆಂಪು, ಜಗಲಿಯ ಗೋಡೆಗೆ ಬಂದಾಗ ಕಪ್ಪು ಕಂದು ಆಗಿಬಿಟ್ಟಿದೆ.

ಹೆಚ್ಚಿನವರು ಪೇಂಟ್ ಸರಿಯಿಲ್ಲ ಎನ್ನುತ್ತಾರೆ. ಆದರೆ ತಪ್ಪು ಸಾಮಾನ್ಯವಾಗಿ ಕೆಲಸದ ಕ್ರಮದಲ್ಲಿದೆ. ಬಿಳಿ ಗೋಡೆಯಲ್ಲಿ ಉಪ್ಪು ಮೂಡಿದರೆ ಕಣ್ಣಿಗೆ ಬೀಳುವುದಿಲ್ಲ. ಅದೇ ಉಪ್ಪು ಕೆಂಪು ಗೋಡೆಯಲ್ಲಿ ದೂರದಿಂದಲೇ ಕಾಣುತ್ತದೆ. ಬಿಳಿ ಬಣ್ಣ ಮುಚ್ಚಿಡುವ ಎಲ್ಲವನ್ನೂ ಮಣ್ಣಿನ ಬಣ್ಣ ಎತ್ತಿ ತೋರಿಸುತ್ತದೆ. ಹಾಗಾಗಿ ಇಲ್ಲಿ ಅರ್ಧಕ್ಕಿಂತ ಜಾಸ್ತಿ ಕೆಲಸ ಡಬ್ಬ ತೆರೆಯುವ ಮೊದಲೇ ಆಗಬೇಕು. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಒಂದನ್ನೂ ಹಿಂದೆ ಮುಂದೆ ಮಾಡಬೇಡಿ.

ಹಂತ 1: ಮೊದಲು ಕಾಲ ನೋಡಿ

ನಮ್ಮ ಕಡೆ ಮನೆಗೆ ಬಣ್ಣ ಬೀಳುವುದು ಚೌತಿಗೆ ಮೊದಲು. ಆಸೆ ಸಹಜ. ಗಣಪತಿ ಕೂರುವಾಗ ಮನೆ ಲಕ್ಷಣವಾಗಿರಬೇಕು, ಅಲ್ವಾ? ಆದರೆ ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಗೋಡೆ ನೀರು ಕುಡಿದು ನಿಂತಿರುತ್ತದೆ. ಮುಟ್ಟಿದರೆ ಒಣಗಿದಂತೆ ಅನಿಸಿದರೂ ಒಳಗೆ ತೇವ ಇರುತ್ತದೆ. ಅದರ ಮೇಲೆ ಬಣ್ಣ ಬಿದ್ದರೆ ಆ ನೀರು ಹೊರಬರಲು ದಾರಿ ಹುಡುಕುತ್ತದೆ. ಗುಳ್ಳೆ ಏಳುವುದು ಅದಕ್ಕೇ.

ಮಳೆ ಪೂರ್ತಿ ನಿಂತ ಮೇಲೆ ಗೋಡೆಗೆ ಆರರಿಂದ ಎಂಟು ವಾರ ಬಿಡಿ. ಅಂದರೆ ಡಿಸೆಂಬರ್‌ನಿಂದ ಮಾರ್ಚ್‌ವರೆಗಿನ ದಿನಗಳೇ ಸರಿ. ಹೊರಗೋಡೆಗಂತೂ ಬೇರೆ ಕಾಲವೇ ಇಲ್ಲ ಎಂದುಕೊಳ್ಳಿ. ಚೌತಿಗೆ ಏನಾದರೂ ಮಾಡಲೇಬೇಕು ಎಂದಾದರೆ, ಎರಡೂ ಬದಿ ಮನೆಯೊಳಗೇ ಇರುವ ನಡುಗೋಡೆಗೆ ಮಾತ್ರ ಬಣ್ಣ ಹೊಡೆಸಿ. ಅದಕ್ಕೆ ಮಳೆ ತಾಗುವುದಿಲ್ಲ, ಹಾಗಾಗಿ ಅಪಾಯ ಕಡಿಮೆ. ಆದರೂ ಹಂತ 3ರ ಪರೀಕ್ಷೆ ತಪ್ಪಿಸಬೇಡಿ.

ಶಿರಸಿ, ಯಲ್ಲಾಪುರದ ಕಡೆಯವರು ಇಬ್ಬನಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಜನವರಿಯಲ್ಲಿ ಬೆಳಿಗ್ಗೆ ಒಂಬತ್ತಾದರೂ ಹೊರಗೋಡೆ ಒದ್ದೆ ಇರುತ್ತದೆ. ಹತ್ತು ಗಂಟೆಯ ಮೇಲೆ ಶುರು ಮಾಡಿ, ಮೂರೂವರೆಗೆ ನಿಲ್ಲಿಸಿ. ಸಂಜೆ ಹೊಡೆದ ಗಾಢ ಬಣ್ಣದ ಮೇಲೆ ರಾತ್ರಿ ಇಬ್ಬನಿ ಕೂತರೆ, ಮರುದಿನ ಸಾಬೂನು ನೀರು ಇಳಿದಂತೆ ಕಂದು ಗೆರೆಗಳು ಕಾಣುತ್ತವೆ.

ಹಂತ 2: ನಿಮ್ಮ ಗೋಡೆ ಯಾವ ಜಾತಿಯದು?

ಇದನ್ನು ತಿಳಿಯದೆ ಅಂಗಡಿಗೆ ಹೋಗಬೇಡಿ. ನಮ್ಮ ಜಿಲ್ಲೆಯಲ್ಲಿ ಸಾಮಾನ್ಯವಾಗಿ ಮೂರು ಬಗೆಯ ಗೋಡೆ ಸಿಗುತ್ತವೆ.

ಮೊದಲನೆಯದು ಹೊಸ ಸಿಮೆಂಟ್ ಪ್ಲಾಸ್ಟರ್. ಕನಿಷ್ಠ ಒಂದು ವಾರ ನೀರು ಹಾಕಿ ಕ್ಯೂರಿಂಗ್ ಆಗಿರಬೇಕು. ಆಮೇಲೆ ಕನಿಷ್ಠ 28 ದಿನ ಒಣಗಬೇಕು, ಕರಾವಳಿಯಲ್ಲಿ ಎರಡು ಮೂರು ತಿಂಗಳು ಬಿಟ್ಟರೆ ಇನ್ನೂ ಒಳ್ಳೆಯದು. ಹಸಿ ಸಿಮೆಂಟಿನಲ್ಲಿ ಕ್ಷಾರ ಜಾಸ್ತಿ. ಕೆಲವು ಕೆಂಪು, ಹಳದಿ ಬಣ್ಣಗಳನ್ನು ಈ ಕ್ಷಾರ ತಿಂದುಹಾಕುತ್ತದೆ. ಅಲ್ಲಲ್ಲಿ ಬಣ್ಣ ಮಾಸಿ ತೇಪೆ ತೇಪೆಯಾಗಿ ಕಾಣುವುದಕ್ಕೆ ಇದೊಂದು ಕಾರಣ.

ಎರಡನೆಯದು ಈಗಾಗಲೇ ಎಮಲ್ಷನ್ ಅಥವಾ ಡಿಸ್ಟೆಂಪರ್ (ಎರಡೂ ನೀರಿನಲ್ಲಿ ಕಲಸಿ ಹೊಡೆಯುವ ಗೋಡೆ ಬಣ್ಣ) ಇರುವ ಗೋಡೆ. ಅಂಗೈಯಿಂದ ಒರೆಸಿ ನೋಡಿ. ಪುಡಿ ಹತ್ತಿದರೆ ಅದನ್ನು ಕೆರೆದು ತೆಗೆಯಲೇಬೇಕು. ಇನ್ನೊಂದು ಪರೀಕ್ಷೆ: ಮಾಸ್ಕಿಂಗ್ ಟೇಪನ್ನು ಗಟ್ಟಿಯಾಗಿ ಒತ್ತಿ ಅಂಟಿಸಿ, ಸರಕ್ಕನೆ ಎಳೆಯಿರಿ. ಟೇಪಿನ ಜೊತೆ ಹಳೆ ಬಣ್ಣ ಬಂದರೆ, ಹೊಸ ಬಣ್ಣವೂ ಹೀಗೇ ಬರುತ್ತದೆ.

ಮೂರನೆಯದು ಸುಣ್ಣ ಬಳಿದ ಹಳೆ ಮನೆ: ಒಳಗೆ ಚಿರೆಕಲ್ಲು (ಜಂಬಿಟ್ಟಿಗೆ), ಮಣ್ಣು ಅಥವಾ ಸುಣ್ಣದ ಗಾರೆ. ಇಂಥ ಗೋಡೆ ನೆಲದಿಂದ ತೇವ ಎಳೆದುಕೊಂಡು ಮೈಯಿಂದ ಹೊರಗೆ ಬಿಡುತ್ತಿರುತ್ತದೆ. ಅದರ ಮೇಲೆ ಪ್ಲಾಸ್ಟಿಕ್‌ನಂಥ ಎಮಲ್ಷನ್ ಬಳಿದರೆ ದಾರಿ ಮುಚ್ಚಿದಂತೆ. ನೀವು ಈ ಗುಂಪಿನವರಾದರೆ ಹಂತ 3 ಮತ್ತು 4 ಮುಗಿಸಿ, 5ರಲ್ಲಿ ಬಣ್ಣ ಆರಿಸಿಕೊಂಡು ನೇರ ಹಂತ 9ಕ್ಕೆ ಹೋಗಿ.

ಚಿರೆಕಲ್ಲು ಹಾಗೇ ಕಾಣುವಂತೆ ಬಿಟ್ಟ ಗೋಡೆ ಇದ್ದರೆ ನನ್ನ ಸಲಹೆ ಒಂದೇ: ಅದಕ್ಕೆ ಬಣ್ಣ ಹಚ್ಚಬೇಡಿ. ಸಂದುಗಳನ್ನು ಸರಿಮಾಡಿ, ಬಿಟ್ಟುಬಿಡಿ. ಆ ಕಲ್ಲಿನ ಬಣ್ಣವನ್ನು ಯಾವ ಡಬ್ಬವೂ ಕೊಡುವುದಿಲ್ಲ.

ಹಂತ 3: ತೇವ ಇದೆಯಾ, ಇಲ್ಲವಾ?

ಇದೇ ಇಡೀ ಕೆಲಸದ ಜೀವಾಳ. ಹೆಚ್ಚಿನವರು ಬಿಡುವುದೂ ಇದನ್ನೇ.

ಒಂದೂವರೆ ಅಡಿ ಉದ್ದ, ಒಂದೂವರೆ ಅಡಿ ಅಗಲದ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ತೆಗೆದುಕೊಳ್ಳಿ. ಗೋಡೆಗೆ ಇಟ್ಟು ನಾಲ್ಕೂ ಅಂಚಿಗೆ ಗಾಳಿ ಆಡದಂತೆ ಟೇಪ್ ಹಚ್ಚಿ. ಒಂದು ಹಗಲು ಒಂದು ರಾತ್ರಿ ಬಿಡಿ. ಪ್ಲಾಸ್ಟಿಕ್‌ನ ಒಳಮೈಯಲ್ಲಿ ನೀರಿನ ಹನಿ ಕೂತಿದ್ದರೆ, ಅಥವಾ ಆ ಜಾಗದ ಗೋಡೆ ಸುತ್ತಲಿಗಿಂತ ಕಪ್ಪಾಗಿದ್ದರೆ, ತೇವ ಗೋಡೆಯೊಳಗಿಂದ ಬರುತ್ತಿದೆ. ಹನಿ ಹೊರಮೈಯಲ್ಲಿ ಮಾತ್ರ ಇದ್ದರೆ ಅದು ಗಾಳಿಯ ತೇವ. ಒಂದೇ ಜಾಗದಲ್ಲಿ ನೋಡಿ ಸುಮ್ಮನಾಗಬೇಡಿ. ನೆಲದಿಂದ ಒಂದಡಿ ಮೇಲೆ, ಕಿಟಕಿಯ ಕೆಳಗೆ, ಬಚ್ಚಲಿನ ಹಿಂದಿನ ಗೋಡೆ, ನೈಋತ್ಯಕ್ಕೆ ಮುಖ ಮಾಡಿದ ಗೋಡೆ. ಇಷ್ಟು ಕಡೆಯಾದರೂ ಹಚ್ಚಿ ನೋಡಿ. ಮಳೆ ಬಡಿಯುವುದು ಹೆಚ್ಚಾಗಿ ನೈಋತ್ಯ ದಿಕ್ಕಿನಿಂದಲೇ.

ತೇವ ಇದ್ದರೆ ಅದರ ಮೂಲ ಹುಡುಕಿ. ತಾರಸಿಯ ಬಿರುಕು, ಒಡೆದ ಹಂಚು, ತುಂಬಿ ಹರಿಯುವ ಸೂರಿನ ನೀರಿನ ದೋಣಿ, ಸಜ್ಜಾದ ಮೇಲೆ ನಿಲ್ಲುವ ನೀರು, ಗೋಡೆಯೊಳಗೆ ಸೋರುವ ಪೈಪು. ಬುಡದಲ್ಲಿ ಮಾತ್ರ ತೇವ ಇದ್ದರೆ ಅಂಗಳದ ಮಣ್ಣು ಏರಿ ತಳಪಾಯದ ಕಟ್ಟೆಯನ್ನು ಮುಚ್ಚಿದೆಯೇ ನೋಡಿ. ಮಣ್ಣು ತಗ್ಗಿಸಿ, ನೀರು ಗೋಡೆಯಿಂದ ದೂರ ಹರಿಯುವಂತೆ ಇಳಿಜಾರು ಮಾಡಿದರೆ ಎಷ್ಟೋ ಮನೆಯ ತೊಂದರೆ ಅಲ್ಲೇ ಕಡಿಮೆಯಾಗುತ್ತದೆ. ಇದನ್ನು ಬಿಟ್ಟು ವಾಟರ್‌ಪ್ರೂಫ್ ಪೇಂಟ್ ಎಂದು ದುಬಾರಿ ಡಬ್ಬ ತಂದು ಬಳಿಯಬೇಡಿ. ಒಳಗಿಂದ ಬರುವ ನೀರನ್ನು ಮೇಲಿನ ಬಣ್ಣ ತಡೆಯುವುದಿಲ್ಲ.

ಹಂತ 4: ಉಪ್ಪು, ಪಾಚಿ, ಮೊಳೆ

ಗೋಡೆಯ ಮೇಲೆ ಬಿಳಿ ಪುಡಿ ಅಥವಾ ಹತ್ತಿಯಂಥ ಎಳೆ ಕಂಡರೆ ಅದು ಉಪ್ಪು. ಅಳಿವೆಯ ಹತ್ತಿರದ ಮರಳನ್ನು ಸರಿಯಾಗಿ ತೊಳೆಯದೆ ಕಟ್ಟಿದ ಗೋಡೆಗಳಲ್ಲಿ ಇದು ವರ್ಷಗಟ್ಟಲೆ ಬರುತ್ತದೆ. ಇಲ್ಲಿ ಎಲ್ಲರೂ ಮಾಡುವ ತಪ್ಪು ಎಂದರೆ ನೀರು ಹಾಕಿ ತೊಳೆಯುವುದು. ನೀರು ಹಾಕಿದರೆ ಉಪ್ಪು ಕರಗಿ ವಾಪಸ್ ಗೋಡೆಯೊಳಗೆ ಹೋಗುತ್ತದೆ, ಒಣಗುವಾಗ ಮತ್ತೆ ಹೊರಬರುತ್ತದೆ. ಒಣ ಬ್ರಷ್‌ನಿಂದ ಉಜ್ಜಿ, ಉದುರಿದ ಪುಡಿಯನ್ನು ಗುಡಿಸಿ ಮನೆಯಿಂದ ಹೊರಗೆ ಹಾಕಿ. ಎರಡು ವಾರ ಕಾಯಿರಿ. ಮತ್ತೆ ಬಂದರೆ ಮತ್ತೆ ಉಜ್ಜಿ. ಬರುವುದು ನಿಲ್ಲುವವರೆಗೂ ಆ ಗೋಡೆಗೆ ಪುಟ್ಟಿ (ಗೋಡೆ ನಯ ಮಾಡಲು ಎಳೆಯುವ ಪೇಸ್ಟು) ಮುಟ್ಟಿಸಬೇಡಿ. ನಿಲ್ಲುವುದೇ ಇಲ್ಲ ಎಂದಾದರೆ ಅಷ್ಟು ಭಾಗದ ಪ್ಲಾಸ್ಟರ್ ಕಿತ್ತು ಹೊಸದಾಗಿ ಮಾಡಿಸುವುದೇ ದಾರಿ.

ಹಸಿರು ಪಾಚಿ, ಕಪ್ಪು ಬೂಸ್ಟು ಇದ್ದರೆ ಒಂದು ಪಾಲು ದ್ರವ ಬ್ಲೀಚ್‌ಗೆ ಮೂರು ಪಾಲು ನೀರು ಬೆರೆಸಿ ಹಚ್ಚಿ. ಹತ್ತು ಹದಿನೈದು ನಿಮಿಷ ಬಿಟ್ಟು ಉಜ್ಜಿ ತೊಳೆಯಿರಿ. ಪೂರ್ತಿ ಒಣಗಲು ಬಿಡಿ. ಕೈಗವಸು, ಕನ್ನಡಕ ಬೇಕೇ ಬೇಕು. ಬ್ಲೀಚ್ ಜೊತೆ ಬಚ್ಚಲು ತೊಳೆಯುವ ಆಸಿಡ್ ಯಾವತ್ತೂ ಬೆರೆಸಬೇಡಿ. ಅದರಿಂದ ವಿಷದ ಗಾಳಿ ಏಳುತ್ತದೆ.

ಕಡಲ ಗಾಳಿಯಲ್ಲಿ ಮೊಳೆ ಬೇಗ ತುಕ್ಕು ಹಿಡಿಯುತ್ತದೆ. ಬೇಡದ ಮೊಳೆ ಕಿತ್ತು ತೂತು ತುಂಬಿ. ಕೀಳಲಾಗದ ಮೊಳೆಯ ತಲೆಗೆ ಕಬ್ಬಿಣಕ್ಕೆ ಹಚ್ಚುವ ಪ್ರೈಮರ್ (ಬಣ್ಣದ ಅಡಿಗೆ ಬಳಿಯುವ ಮೊದಲ ಪದರ) ಮುಟ್ಟಿಸಿ.

ಹಂತ 5: ಬಣ್ಣ ಆರಿಸುವುದು

ಮೊಬೈಲ್ ತೆರೆಯಲ್ಲಿ ಕಂಡ ಬಣ್ಣವನ್ನು ನಂಬಬೇಡಿ. ಚಿಕ್ಕ ಕಾರ್ಡನ್ನೂ ಅರ್ಧ ಮಾತ್ರ ನಂಬಿ. ನಾಲ್ಕೂ ಗೋಡೆಗೆ ಬಂದಾಗ ಬಣ್ಣ ಕಾರ್ಡಿಗಿಂತ ಗಾಢವಾಗಿ ಕಾಣುತ್ತದೆ, ಏಕೆಂದರೆ ಒಂದು ಗೋಡೆಯ ಕೆಂಪು ಎದುರಿನ ಗೋಡೆಯ ಮೇಲೆ ಬೀಳುತ್ತದೆ.

ನಮ್ಮ ಮನೆಗಳಿಗೆ ಎರಡು ವಿಶೇಷ ಇವೆ. ಒಂದು, ಮಳೆಗಾಗಿ ಮಾಡನ್ನು, ಅಂದರೆ ಮನೆಯ ಸೂರನ್ನು, ತಗ್ಗಾಗಿ ಇಳಿಸಿರುತ್ತೇವೆ, ಜಗಲಿ ಮತ್ತು ನಡುಮನೆಗೆ ಬೆಳಕು ಕಡಿಮೆ. ಇನ್ನೊಂದು, ಸುತ್ತ ಅಡಿಕೆ ಅಥವಾ ತೆಂಗಿನ ತೋಟ. ಕಿಟಕಿಯಿಂದ ಒಳಗೆ ಬರುವ ಬೆಳಕಿಗೇ ಹಸಿರು ಛಾಯೆ ಇರುತ್ತದೆ. ಹಸಿರು ಬೆಳಕಿನಲ್ಲಿ ಕೆಂಪು ಸೊರಗಿ ಕಂದಾಗುತ್ತದೆ. ಪೇಟೆಯ ಫ್ಲ್ಯಾಟಿನಲ್ಲಿ ಹೊಳೆಯುವ ಟೆರಾಕೋಟಾ ತೋಟದ ಮನೆಯಲ್ಲಿ ಮಂಕಾಗುವುದು ಇದರಿಂದ.

ಕಂಪನಿಗಳ ದೊಡ್ಡ ಶೇಡ್ ಪುಸ್ತಕದಲ್ಲಿ ಬೆಳಕು ಮರಳಿಸುವ ಅಂಕಿ ಕೊಟ್ಟಿರುತ್ತಾರೆ. ಎಲ್‌ಆರ್‌ವಿ ಎಂದು ಕೇಳಿದರೆ ಅಂಗಡಿಯವರು ತೋರಿಸುತ್ತಾರೆ. ಕಪ್ಪಿಗೆ 0, ಬಿಳಿಗೆ 100. ಗಾಢ ಹಂಚಿನ ಬಣ್ಣಗಳು ಸಾಮಾನ್ಯವಾಗಿ 25ರ ಒಳಗೆ ಇರುತ್ತವೆ. ಬೆಳಕು ಕಡಿಮೆ ಇರುವ ಕೋಣೆಗೆ 50ಕ್ಕಿಂತ ಮೇಲಿನದನ್ನು ಆರಿಸಿ: ಮರಳಿನ ಬಣ್ಣ, ಗೋಧಿ ಬಣ್ಣ, ತಿಳಿ ಹಳದಿ ಮಣ್ಣಿನ ಬಣ್ಣ. ಗಾಢ ಕೆಮ್ಮಣ್ಣನ್ನು ಒಳ್ಳೆಯ ಬೆಳಕು ಬೀಳುವ ಒಂದೇ ಗೋಡೆಗೆ ಇಟ್ಟುಕೊಳ್ಳಿ. ಮಾಳಿಗೆಯ ಅಡಿಭಾಗ, ಅಂದರೆ ಸೀಲಿಂಗ್, ತಿಳಿಯಾಗಿಯೇ ಇರಲಿ. ಆದರೆ ಹಾಲುಬಿಳಿ ಬೇಡ, ಸ್ವಲ್ಪ ಕೆನೆ ಬಣ್ಣ ಬೆರೆತ ಬಿಳಿ ಮಣ್ಣಿನ ಬಣ್ಣದ ಜೊತೆ ಹೊಂದುತ್ತದೆ.

ನೆಲವನ್ನು ಮರೆಯಬೇಡಿ. ಕೆಂಪು ಕಾವಿ ನೆಲ ಇರುವ ಮನೆಯಲ್ಲಿ ಗೋಡೆಗೂ ಅದೇ ಕೆಂಪು ಬಂದರೆ ಕಣ್ಣಿಗೆ ಭಾರ. ಅಲ್ಲಿ ಗೋಡೆ ಮರಳಿನ ಬಣ್ಣದಲ್ಲಿದ್ದರೆ ನೆಲ ಇನ್ನೂ ಚೆಂದ ಕಾಣುತ್ತದೆ. ಬಿಳಿ ಟೈಲ್ಸ್ ಇದ್ದರೆ ಗೋಡೆಯ ಕೆಂಪು ಸ್ವಲ್ಪ ಗಾಢ ಇರಬಹುದು. ಹಲಸಿನ ಮರದ ಬಾಗಿಲಿನ ಹಳದಿ ಹೊಳಪಿಗೆ ಇಟ್ಟಿಗೆ ಬಣ್ಣ ಚೆನ್ನಾಗಿ ಒಪ್ಪುತ್ತದೆ.

ಈಗ ಮಾದರಿ. ಎರಡು ಅಥವಾ ಮೂರು ಶೇಡಿನ ಚಿಕ್ಕ ಡಬ್ಬ ತನ್ನಿ. ಎರಡಡಿ ಚೌಕದ ಬಿಳಿ ರಟ್ಟಿಗೆ ಎರಡು ಕೋಟ್ ಹೊಡೆಯಿರಿ, ಅಂಚಿನಲ್ಲಿ ಬಿಳಿ ಪಟ್ಟಿ ಬಿಡಿ. ಹಳೆ ನೀಲಿ ಗೋಡೆಯ ಮೇಲೆ ನೇರ ಹಚ್ಚಿದರೆ ಪಕ್ಕದ ನೀಲಿ ಕಣ್ಣನ್ನು ತಪ್ಪಿಸುತ್ತದೆ. ಆ ರಟ್ಟನ್ನು ಕಿಟಕಿಯ ಎದುರು, ಕಿಟಕಿಯ ಪಕ್ಕ, ಮೂಲೆಯಲ್ಲಿ ಇಟ್ಟು ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ದೀಪದಲ್ಲಿ ನೋಡಿ. ಬೆಳ್ಳಗಿನ 6500 ಕೆಲ್ವಿನ್ ಎಲ್‌ಇಡಿ ಕೆಳಗೆ ಮಣ್ಣಿನ ಬಣ್ಣ ಸತ್ತಂತೆ ಕಾಣುತ್ತದೆ. 2700ರಿಂದ 3000 ಕೆಲ್ವಿನ್‌ನ ಹಳದಿ ಬೆಳಕಿನ ಬಲ್ಬ್ ಹಾಕಿ ನೋಡಿ. ಎಷ್ಟೋ ಬಾರಿ ಬದಲಿಸಬೇಕಾದದ್ದು ಗೋಡೆಯಲ್ಲ, ಬಲ್ಬು.

ಹೊರಗೋಡೆಗೆ ಐರನ್ ಆಕ್ಸೈಡ್ ಆಧಾರದ ಶೇಡನ್ನೇ ಕೇಳಿ. ಕೆಮ್ಮಣ್ಣಿಗೆ ಕೆಂಪು ಕೊಡುವುದೂ ಅದೇ ವಸ್ತು. ಬಿಸಿಲಿಗೆ ಮಾಸುವುದಿಲ್ಲ, ಕ್ಷಾರಕ್ಕೆ ಹೆದರುವುದಿಲ್ಲ. ತೀರಾ ಹೊಳೆಯುವ ಕೆಂಪು, ಕಿತ್ತಳೆಗಳಲ್ಲಿ ಬೇರೆ ವರ್ಣಪುಡಿ ಇರುತ್ತದೆ, ಅವು ನಮ್ಮ ಬಿಸಿಲಿಗೆ ಬೇಗ ಮಾಸುತ್ತವೆ. ಹೊರಗೋಡೆಯ ಬುಡದಿಂದ ಎರಡೂವರೆ, ಮೂರಡಿಯವರೆಗೆ ಗಾಢ ಕಾವಿ ಪಟ್ಟಿ ಹೊಡೆಸಿ. ಮಳೆಗಾಲದಲ್ಲಿ ಅಂಗಳದ ಕೆಂಪು ನೀರು ಸಿಡಿಯುವುದು ಅಷ್ಟೇ ಎತ್ತರಕ್ಕೆ.

ಹಂತ 6: ಲೆಕ್ಕ ಮತ್ತು ಸಾಮಾನು

ಒಳಗೋಡೆಗೆ ಎರಡು ಕೋಟ್ ಆಗಲು ಒಂದು ಲೀಟರ್ ಎಮಲ್ಷನ್ ಸುಮಾರು 100ರಿಂದ 130 ಚದರಡಿಗೆ ಬರುತ್ತದೆ. ಹೊರಗೋಡೆಗೆ 50ರಿಂದ 60. ಡಬ್ಬದ ಮೇಲೂ ಬರೆದಿರುತ್ತಾರೆ, ನೋಡಿ. 12 ಅಡಿಗೆ 10 ಅಡಿಯ, 10 ಅಡಿ ಎತ್ತರದ ಕೋಣೆಗೆ ಗೋಡೆ 440 ಚದರಡಿ. ಬಾಗಿಲು, ಕಿಟಕಿ ಕಳೆದರೆ ಸುಮಾರು 385. ಎರಡು ಕೋಟಿಗೆ ಮೂರೂವರೆ ಲೀಟರ್. ಗಾಢ ಬಣ್ಣಕ್ಕೆ ಮೂರನೇ ಕೋಟ್ ಬೇಕೇ ಬೇಕಾಗುತ್ತದೆ, ಹಾಗಾಗಿ ಐದೂಕಾಲು ಲೀಟರ್. ಆರು ಲೀಟರ್ ತನ್ನಿ.

ಎಲ್ಲ ಡಬ್ಬ ಒಂದೇ ದಿನ, ಒಂದೇ ಅಂಗಡಿಯಲ್ಲಿ ಮಿಕ್ಸ್ ಮಾಡಿಸಿ. ಆಮೇಲೆ ತಂದದ್ದು ಕೂದಲೆಳೆಯಷ್ಟು ಬೇರೆ ಇದ್ದರೂ ಗೋಡೆಯ ನಡುವೆ ಗೆರೆ ಕಾಣುತ್ತದೆ. ಮನೆಗೆ ತಂದು ಎಲ್ಲವನ್ನೂ ದೊಡ್ಡ ಬಕೆಟಿಗೆ ಸುರಿದು ಒಟ್ಟಿಗೆ ಕಲಸಿ.

ಉಳಿದಂತೆ ಪುಟ್ಟಿ ಪಟ್ಟಿ, ತಂತಿ ಬ್ರಷ್, 120, 220, 320 ನಂಬರಿನ ಸ್ಯಾಂಡ್ ಪೇಪರ್, 9 ಇಂಚಿನ ರೋಲರ್, ಮೂಲೆಗೆ 2 ಇಂಚಿನ ಬ್ರಷ್, ಮಾಸ್ಕಿಂಗ್ ಟೇಪ್, ನೆಲಕ್ಕೆ ಹಾಸುವ ಹಾಳೆ, ಮಾಸ್ಕ್. ಏಣಿ 12 ಅಡಿ ಎತ್ತರಕ್ಕೆ ಒರಗಿದರೆ ಅದರ ಬುಡ ಗೋಡೆಯಿಂದ 3 ಅಡಿ ದೂರ ಇರಲಿ. ಪಾಚಿ ಹಿಡಿದ ಅಂಗಳದಲ್ಲಿ ಒಬ್ಬರು ಹಿಡಿದುಕೊಳ್ಳಲೇಬೇಕು.

ಹಂತ 7: ಪುಟ್ಟಿ ಮತ್ತು ಪ್ರೈಮರ್

ಬಿಳಿ ಸಿಮೆಂಟ್ ಪುಟ್ಟಿಯನ್ನು ಎರಡು ತೆಳು ಕೋಟ್ ಎಳೆಯಿರಿ. ಒಂದೇ ಸಲ ದಪ್ಪ ಎಳೆದರೆ ಬಿರುಕು ಬಿಡುತ್ತದೆ. ಅಕ್ರಿಲಿಕ್ ಪುಟ್ಟಿ ಹೊರಗೋಡೆಗೆ ಬೇಡವೇ ಬೇಡ. ಒಣಗಿದ ಮೇಲೆ ಒರಟಿನಿಂದ ನಯದ ಕಡೆಗೆ ಉಜ್ಜಿ. ರಾತ್ರಿ ಒಂದು ಬಲ್ಬನ್ನು ಗೋಡೆಗೆ ಒತ್ತಿ ಅಡ್ಡ ಬೆಳಕು ಬಿಟ್ಟು ನೋಡಿ. ಉಬ್ಬು ತಗ್ಗು ಎಲ್ಲ ಕಾಣುತ್ತದೆ. ಗಾಢ ಬಣ್ಣ ಬಂದ ಮೇಲೆ ಅವು ಇನ್ನೂ ಜಾಸ್ತಿ ಕಾಣುತ್ತವೆ.

ಧೂಳು ಪೂರ್ತಿ ಒರೆಸಿ, ಆಮೇಲೆ ಪ್ರೈಮರ್. ಬಿಳಿ ಪ್ರೈಮರಿಗೆ ನಿಮ್ಮ ಬಣ್ಣದ ತಿಳಿ ಛಾಯೆ ಹಾಕಿಸಿಕೊಳ್ಳಿ. ಗಾಢ ಶೇಡ್ ತಯಾರಾಗುವ ಬೇಸ್‌ನಲ್ಲಿ (ಬಣ್ಣ ಬೆರೆಸುವ ಮೊದಲಿನ ಮೂಲ ಪೇಂಟಿನಲ್ಲಿ) ಬಿಳಿ ಪುಡಿ ಕಡಿಮೆ ಇರುವುದರಿಂದ ಅದು ಕೆಳಗಿನದನ್ನು ಸುಲಭಕ್ಕೆ ಮುಚ್ಚುವುದಿಲ್ಲ. ಪ್ರೈಮರಿನಲ್ಲೇ ಬಣ್ಣ ಇದ್ದರೆ ಒಂದು ಕೋಟ್ ಉಳಿಯುತ್ತದೆ.

ಹಳೆ ಬಾಗಿಲು, ಕಿಟಕಿಯ ಎಣ್ಣೆ ಬಣ್ಣ ಕೆರೆಯುವಾಗ ಎಚ್ಚರ. ಮನೆಗೆ ಬಳಸುವ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಪಾಲಿಗೆ 90 ಪಾಲು) ದಾಟಬಾರದು ಎಂಬ ನಿಯಮ 2016ರಲ್ಲಿ ಬಂದು, 2017ರ ನವೆಂಬರ್‌ನಿಂದ ಜಾರಿಯಾಯಿತು. ಅದಕ್ಕಿಂತ ಹಳೆಯ ಬಣ್ಣದಲ್ಲಿ ಸೀಸ ಇರಬಹುದು. ಒಣದಾಗಿ ಉಜ್ಜಬೇಡಿ, ನೀರು ಹಚ್ಚಿ ಉಜ್ಜಿ. ಮಕ್ಕಳು ಮತ್ತು ಬಸುರಿಯರು ಆ ಹೊತ್ತಿಗೆ ಅಲ್ಲಿರಬಾರದು.

ಹಂತ 8: ಬಣ್ಣ ಹೊಡೆಯುವುದು

ಮೊದಲು ಸೀಲಿಂಗ್, ಆಮೇಲೆ ಗೋಡೆ, ಕೊನೆಗೆ ಬಾಗಿಲು ಕಿಟಕಿ. ಬಣ್ಣಕ್ಕೆ ಡಬ್ಬದಲ್ಲಿ ಹೇಳಿದಷ್ಟೇ ನೀರು ಹಾಕಿ. ಉಳಿತಾಯಕ್ಕೆಂದು ನೀರು ಜಾಸ್ತಿ ಮಾಡಿದರೆ ಗಾಢ ಬಣ್ಣ ಗೆರೆ ಗೆರೆಯಾಗುತ್ತದೆ, ಒರೆಸಿದರೆ ಬಟ್ಟೆಗೆ ಹತ್ತುತ್ತದೆ.

ಇಡೀ ಕೋಣೆಯ ಮೂಲೆಗಳಿಗೆ ಬ್ರಷ್ ಹೊಡೆದು, ಊಟ ಮುಗಿಸಿ ಬಂದು ರೋಲರ್ ಹಿಡಿಯುವ ಅಭ್ಯಾಸ ಹಲವರಿಗಿದೆ. ಮೂಲೆ ಒಣಗಿದ್ದರೆ ಗೋಡೆಯ ಸುತ್ತ ಚೌಕಟ್ಟಿನಂಥ ಗೆರೆ ಉಳಿಯುತ್ತದೆ. ಒಂದು ಗೋಡೆಯ ಅಂಚಿಗೆ ಬ್ರಷ್, ಅದು ಹಸಿ ಇರುವಾಗಲೇ ಅದೇ ಗೋಡೆಗೆ ರೋಲರ್. ಗೋಡೆಯ ನಡುವೆ ನಿಲ್ಲಿಸಬೇಡಿ. ಮೂಲೆಯಿಂದ ಮೂಲೆಗೆ ಮುಗಿಸಿಯೇ ವಿರಾಮ. ಹೊರಗೆ ಬಿಸಿಲು ನೇರ ಬೀಳುವ ಗೋಡೆ ಬಿಟ್ಟು, ನೆರಳು ಬಂದ ಗೋಡೆಗೆ ಹೊಡೆಯಿರಿ.

ಎರಡು ಕೋಟ್ ನಡುವೆ ನಾಲ್ಕು ಗಂಟೆ ಸಾಕು ಎಂದು ಡಬ್ಬ ಹೇಳಬಹುದು. ಕಾರವಾರದ ಗಾಳಿಯಲ್ಲಿ ಒಂದು ರಾತ್ರಿ ಬಿಡಿ. ಮೊದಲ ಕೋಟ್ ತೇಪೆ ತೇಪೆಯಾಗಿ, ಗುಲಾಬಿಯಾಗಿ ಕಾಣುತ್ತದೆ. ಆಗ ಹೆದರಿ ಶೇಡ್ ಬದಲಿಸಬೇಡಿ. ಮೂರನೇ ಕೋಟ್ ಒಣಗಿದ ಮೇಲೆ ತೀರ್ಮಾನಿಸಿ.

ಹಂತ 9: ಸುಣ್ಣದ ಗೋಡೆಗೆ ಬೇರೆ ದಾರಿ

ಹಳೆ ಚಿರೆಕಲ್ಲಿನ ಮನೆಗೆ ಬಣ್ಣದ ಸುಣ್ಣವೇ ಸರಿ. ಸಡಿಲ ಸುಣ್ಣವನ್ನು ಕೆರೆದು ತೆಗೆಯಿರಿ. ಸುಟ್ಟ ಸುಣ್ಣವನ್ನು ಅರಳಿಸುವಾಗ ನೀರಿಗೆ ಸುಣ್ಣ ಹಾಕಿ, ಸುಣ್ಣಕ್ಕೆ ನೀರು ಸುರಿಯಬೇಡಿ. ಕುದಿದು ಸಿಡಿಯುತ್ತದೆ. ಪ್ಲಾಸ್ಟಿಕ್ ಬಕೆಟ್ ಬೇಡ. ಕಣ್ಣಿಗೆ ಕನ್ನಡಕ ಕಡ್ಡಾಯ. ಕಣ್ಣಿಗೆ ಬಿದ್ದರೆ ಕೂಡಲೇ ತುಂಬ ಹೊತ್ತು ನೀರಿನಲ್ಲಿ ತೊಳೆದು ವೈದ್ಯರ ಹತ್ತಿರ ಹೋಗಿ.

ಅರಳಿದ ಸುಣ್ಣವನ್ನು ಬಟ್ಟೆಯಲ್ಲಿ ಸೋಸಿ ಹಾಲಿನಷ್ಟು ತೆಳ್ಳಗೆ ಮಾಡಿ. ರೆಡ್ ಆಕ್ಸೈಡ್ ಪುಡಿಯನ್ನು ಬೇರೆ ಪಾತ್ರೆಯಲ್ಲಿ ಬಿಸಿನೀರಿಗೆ ಕಲಸಿ, ಗಂಟಿಲ್ಲದಂತೆ ಮಾಡಿ ಸೇರಿಸಿ. ಈ ಪುಡಿ ಒಣ ಸುಣ್ಣದ ತೂಕದ ಹತ್ತನೇ ಒಂದು ಪಾಲು ದಾಟಬಾರದು. ದಾಟಿದರೆ ಪುಡಿ ಉದುರಿ ಬಟ್ಟೆಗೆ ಹತ್ತುತ್ತದೆ. ಹಾಗಾಗಿ ಸುಣ್ಣದಲ್ಲಿ ಕಡು ಕೆಂಪು ಬರುವುದಿಲ್ಲ. ಬರುವುದು ಮೃದುವಾದ ಕೆಮ್ಮಣ್ಣಿನ ಛಾಯೆ, ನನಗಂತೂ ಅದೇ ಹೆಚ್ಚು ಇಷ್ಟ. ಗೋಡೆಗೆ ನೀರು ಚಿಮುಕಿಸಿ, ಹಸಿ ಇರುವಾಗ ತೆಳ್ಳಗೆ ಬಳಿಯಿರಿ. ಮೂರು ಅಥವಾ ನಾಲ್ಕು ಕೋಟ್, ದಿನಕ್ಕೆ ಒಂದು. ಒದ್ದೆ ಸುಣ್ಣ ಒಣಗಿದಾಗ ತುಂಬ ತಿಳಿಯಾಗುತ್ತದೆ, ಆದ್ದರಿಂದ ಮಾದರಿಯನ್ನು ಎರಡು ದಿನ ಒಣಗಿಸಿ ನೋಡಿ. ಬಕೆಟ್ ನಡುನಡುವೆ ಕಲಕುತ್ತಿರಿ, ಬಣ್ಣ ತಳಕ್ಕೆ ಇಳಿಯುತ್ತದೆ. ಮಳೆ ಬಡಿಯುವ ಬದಿಗೆ ಹಿಂದಿನವರಂತೆ ಸೋಗೆಯ ತಟ್ಟಿ ಕಟ್ಟಿದರೆ ಈ ಬಣ್ಣ ಬಾಳುತ್ತದೆ.

ಹಂತ 10: ಕೆಲಸ ನಿಲ್ಲಿಸಬೇಕಾದ ಚಿಹ್ನೆಗಳು

ಹೊಡೆದ ಒಂದೆರಡು ದಿನದಲ್ಲೇ ಗುಳ್ಳೆ ಬಂದರೆ ಒಂದನ್ನು ಒಡೆದು ನೋಡಿ. ಒಳಗೆ ಪ್ಲಾಸ್ಟರ್ ಕಂಡರೆ ಗೋಡೆಯ ತೇವ, ಹಂತ 3ಕ್ಕೆ ವಾಪಸ್. ಒಳಗೆ ಹಳೆ ಬಣ್ಣ ಕಂಡರೆ ಮೈ ಸರಿಯಾಗಿ ಉಜ್ಜಿಲ್ಲ. ಬಿಳಿ ಪುಡಿ ಬಂದರೆ ಉಪ್ಪು, ಅದರ ಮೇಲೆ ಇನ್ನೊಂದು ಕೋಟ್ ಹೊಡೆಯುವುದು ಹಣ ಹಾಳು. ಜಿಗುಟು ಕಂದು ಗೆರೆ ಇಳಿದಿದ್ದರೆ ಅದು ಇಬ್ಬನಿಯಿಂದ ಬಂದದ್ದು. ಬಣ್ಣ ಪೂರ್ತಿ ಒಣಗಿದ ಮೇಲೆ ಬರೀ ನೀರಿನಲ್ಲಿ ಮೆತ್ತಗೆ ಒರೆಸಿದರೆ ಹೋಗುತ್ತದೆ. ಪುಟ್ಟಿಯ ಮೇಲೆ ಕೂದಲಿನಂಥ ಬಿರುಕು ಬಂದರೆ ಅದು ದಪ್ಪ ಎಳೆದದ್ದು, ಕೆರೆದು ಮತ್ತೆ ತೆಳ್ಳಗೆ ಎಳೆಯಬೇಕು.

ಹೊಳಪಿಲ್ಲದ (ಮ್ಯಾಟ್) ಗಾಢ ಬಣ್ಣಕ್ಕೆ ಆಮೇಲೆ ತೇಪೆ ಹಾಕಿದರೆ ಅದು ಕಂಡೇ ಕಾಣುತ್ತದೆ. ಸರಿಮಾಡಬೇಕಾದಾಗ ಮೂಲೆಯಿಂದ ಮೂಲೆಗೆ ಇಡೀ ಗೋಡೆಗೇ ಹೊಡೆಯಬೇಕು. ಅದಕ್ಕಾಗಿ ಉಳಿದ ಬಣ್ಣವನ್ನು ಗಾಳಿಯಾಡದ ಚಿಕ್ಕ ಡಬ್ಬಕ್ಕೆ ತುಂಬಿ, ಶೇಡ್ ನಂಬರ್, ಬೇಸ್, ಅಂಗಡಿ, ತಾರೀಕು ಬರೆದು ಬಿಸಿಲು ತಾಗದ ಕಡೆ ಇಡಿ. ಮೊದಲ ಜೂನ್ ಮಳೆ ಒಂದು ವಾರ ಬಿದ್ದ ಮೇಲೆ ಮನೆ ಸುತ್ತ ಒಮ್ಮೆ ನಡೆದು, ಗೋಡೆ ಒದ್ದೆಯಾದ ಜಾಗಗಳ ಫೋಟೋ ತೆಗೆದಿಟ್ಟುಕೊಳ್ಳಿ. ಡಿಸೆಂಬರ್‌ನಲ್ಲಿ ಮೇಸ್ತ್ರಿಗೆ ತೋರಿಸಬೇಕಾದದ್ದು ಅವೇ ಜಾಗಗಳು.